18.06 ಲೀನಿಯರ್ ಆಲ್ಜೀಬ್ರಾ ಮತ್ತು ಪ್ರೊ. ಗಿಲ್ಬರ್ಟ್ ಸ್ಟ್ರಾಂಗ್ ಪಾಠಗಳು: ಪದೇ ಪದೇ ಕೇಳುವ ಪ್ರಶ್ನೆಗಳು

18.06 ಅಂದರೆ ಯಾವ ಕೋರ್ಸ್? ಎಂಐಟಿ ಅಂದರೆ ಮಣಿಪಾಲದ್ದಾ?

ಮಣಿಪಾಲದ್ದಲ್ಲ, ಮೈಸೂರಿನದ್ದೂ ಅಲ್ಲ. ಇದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಲ್ಲಿ ವಿಭಾಗಗಳನ್ನು ಹೆಸರಿಗಿಂತ ಹೆಚ್ಚಾಗಿ ನಂಬರಿನಿಂದಲೇ ಕರೆಯುತ್ತಾರೆ. 18 ಅಂದರೆ ಗಣಿತ, 18.06 ಅಂದರೆ ಲೀನಿಯರ್ ಆಲ್ಜೀಬ್ರಾ (ಸಮೀಕರಣ, ಮ್ಯಾಟ್ರಿಕ್ಸ್, ವೆಕ್ಟರ್‌ಗಳ ಗಣಿತ). ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಅರ್ಥಶಾಸ್ತ್ರ ಓದುವವರೆಲ್ಲ ಒಟ್ಟಿಗೆ ಕೂರುವ ದೊಡ್ಡ ತರಗತಿ ಅದು. ಗಣಿತದ ಮೇಜರ್ ವಿದ್ಯಾರ್ಥಿಗಳಿಗಾಗಿ, ಪ್ರೂಫ್‌ಗೆ ಒತ್ತು ಕೊಡುವ 18.700 ಬೇರೆಯೇ ಇದೆ. ಇವೆರಡರ ವ್ಯತ್ಯಾಸ ತಿಳಿಯದೆ 18.06ಕ್ಕೆ ಕೂತವರೇ ಆಮೇಲೆ ‘ಪ್ರೂಫ್ ಎಲ್ಲಿ?’ ಎಂದು ಗೊಣಗುವುದು.

ಪ್ರೊ. ಸ್ಟ್ರಾಂಗ್ ಈಗಲೂ ಪಾಠ ಮಾಡುತ್ತಾರಾ?

ಇಲ್ಲ. 1934ರಲ್ಲಿ ಹುಟ್ಟಿದ ಅವರು 1962ರಲ್ಲಿ ಎಂಐಟಿಯ ಅಧ್ಯಾಪಕ ವರ್ಗ ಸೇರಿದರು. 2023ರ ಮೇ 15ರಂದು, 88ನೇ ವಯಸ್ಸಿನಲ್ಲಿ, 18.06ರ ಕೊನೆಯ ಪಾಠ ಮಾಡಿ ನಿವೃತ್ತರಾದರು. ಅದರ ವಿಡಿಯೋ ಕೂಡ ಇದೆ. ಆದರೆ ಪ್ರಪಂಚದ ವಿದ್ಯಾರ್ಥಿಗಳು ‘ಸ್ಟ್ರಾಂಗ್ ಪಾಠ’ ಎನ್ನುವುದು 1999ರ ರೆಕಾರ್ಡಿಂಗನ್ನು. ಸೀಮೆಸುಣ್ಣ, ಮೇಲೆ ಕೆಳಗೆ ಸರಿಯುವ ಕರಿಹಲಗೆ, ಸ್ವಲ್ಪ ಮಸುಕಾದ ಚಿತ್ರ. ಮಸುಕು ಎಂದು ಬಿಟ್ಟುಬಿಡಬೇಡಿ, ಬೋರ್ಡಿನ ಅಕ್ಷರ ಚೆನ್ನಾಗಿಯೇ ಕಾಣುತ್ತದೆ.

ಎಷ್ಟು ವಿಡಿಯೋ ಇವೆ? ಯಾವ ಆವೃತ್ತಿ ನೋಡಬೇಕು?

ಎಣಿಕೆಯಲ್ಲಿ 34, ವಾಸ್ತವದಲ್ಲಿ 35. ಎರಡನೇ ಕ್ವಿಜ್‌ಗೆ ಮುಂಚಿನ ರಿವಿಜನ್ ಪಾಠಕ್ಕೆ ‘24ಬಿ’ ಎಂದು ನಂಬರ್ ಕೊಟ್ಟಿದ್ದಾರೆ, ಅದನ್ನು ದಾಟಿ 25ಕ್ಕೆ ಹೋಗಿಬಿಡುವವರು ಬಹಳ. ಒಂದೊಂದೂ ಮುಕ್ಕಾಲು ಗಂಟೆಯ ಆಸುಪಾಸು.

ಎಂಐಟಿ ತನ್ನ ಪಾಠಗಳನ್ನು ಉಚಿತವಾಗಿ ಹಾಕುವ ಓಪನ್‌ಕೋರ್ಸ್‌ವೇರ್ ತಾಣದಲ್ಲಿ ಎರಡು ಪುಟಗಳಿವೆ. ಒಂದು 2010ರ ವಸಂತ ಸೆಮಿಸ್ಟರ್‌ನದು: 1999ರ ವಿಡಿಯೋಗಳ ಜೊತೆ ಹೋಮ್‌ವರ್ಕ್, ಪ್ರಶ್ನೆಪತ್ರಿಕೆ, ಉತ್ತರ ಇವೆ. ಇನ್ನೊಂದು 2011ರ ‘ಸ್ಕಾಲರ್’ ಆವೃತ್ತಿ, 18.06ಎಸ್‌ಸಿ. ಪಾಠಗಳು ಅವೇ, ಆದರೆ ಮೂರು ಯೂನಿಟ್‌ಗಳಾಗಿ ಜೋಡಿಸಿದ್ದಾರೆ. ಪ್ರತಿ ಪಾಠಕ್ಕೂ ಬರಹದ ಸಾರಾಂಶ, ಬೋಧನಾ ಸಹಾಯಕರು ಲೆಕ್ಕ ಬಿಡಿಸಿ ತೋರಿಸುವ ಚಿಕ್ಕ ವಿಡಿಯೋ ಸೇರಿವೆ. ಒಬ್ಬರೇ ಕೂತು ಕಲಿಯುವವರಿಗೆ ಸ್ಕಾಲರ್ ಆವೃತ್ತಿಯೇ ಸರಿ. ಪರೀಕ್ಷೆಗೆ ಮಾತ್ರ 2010ರ ಪುಟಕ್ಕೆ ಹೋಗಿ.

ದುಡ್ಡು? ಸರ್ಟಿಫಿಕೇಟ್?

ದುಡ್ಡಿಲ್ಲ, ನೋಂದಣಿಯಿಲ್ಲ, ಸರ್ಟಿಫಿಕೇಟೂ ಇಲ್ಲ. ಸರ್ಟಿಫಿಕೇಟ್ ಬೇಕೇ ಬೇಕು ಎನ್ನುವವರು ಎನ್‌ಪಿಟೆಲ್‌ನ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಲೀನಿಯರ್ ಆಲ್ಜೀಬ್ರಾ ಕೋರ್ಸ್‌ಗೆ ಸೇರಿ, ಪಕ್ಕದಲ್ಲಿ ಇದನ್ನು ನೋಡಿಕೊಳ್ಳಬಹುದು.

ಮೊದಲೇ ಏನು ಗೊತ್ತಿರಬೇಕು?

ಅಧಿಕೃತವಾಗಿ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಬೇಕು ಎನ್ನುತ್ತಾರೆ. ನಿಜವಾಗಿ ಮೊದಲ 22 ಪಾಠಗಳಿಗೆ ಎಸ್ಸೆಸ್ಸೆಲ್ಸಿಯ ಜೋಡಿ ಸಮೀಕರಣ, ದ್ವಿತೀಯ ಪಿಯುಸಿಯ ಮಾತೃಕೆ ಮತ್ತು ವೆಕ್ಟರ್ ಡಾಟ್ ಗುಣಲಬ್ಧ ಬಂದರೆ ಸಾಕು. 23ನೇ ಪಾಠಕ್ಕೆ ಡಿಫರೆನ್ಷಿಯಲ್ ಸಮೀಕರಣದ ಮೊದಲ ಪರಿಚಯ ಬೇಕು, 27ಕ್ಕೆ ಪಾರ್ಷಿಯಲ್ ಡೆರಿವೇಟಿವ್ ಅಂದರೇನು ಎಂದು ತಿಳಿದಿರಬೇಕು.

ಪಿಯುಸಿಯಲ್ಲಿ ಕಲಿತ ಒಂದು ಅಭ್ಯಾಸವನ್ನು ಮಾತ್ರ ಬಾಗಿಲಲ್ಲೇ ಬಿಟ್ಟು ಬರಬೇಕು. ‘ರೋ ಇಂಟು ಕಾಲಮ್’ ಎಂದು ಬೆರಳಾಡಿಸಿ ಗುಣಿಸುವ ಅಭ್ಯಾಸ ಅದು. ಯಾಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಈ ಪಾಠಗಳನ್ನು ಯಾಕೆ ಅಷ್ಟು ಹೊಗಳುತ್ತಾರೆ? ಮ್ಯಾಟ್ರಿಕ್ಸ್ ಎಲ್ಲ ಕಡೆ ಅದೇ ಅಲ್ಲವೇ?

ಮೊದಲ ಪಾಠದ ಮೊದಲ ಹತ್ತು ನಿಮಿಷದಲ್ಲೇ ಕಾರಣ ಸಿಗುತ್ತದೆ. ಅವರು ಎರಡು ಸಮೀಕರಣ ಬರೆಯುತ್ತಾರೆ: 2ಎಕ್ಸ್ − ವೈ = 0, −ಎಕ್ಸ್ + 2ವೈ = 3. ನಾವೆಲ್ಲ ಕಲಿತದ್ದು ಎರಡು ಗೆರೆ ಎಳೆದು, ಅವು ಕೂಡುವ ಬಿಂದು (1, 2) ಎಂದು ಗುರುತಿಸುವುದು. ಅದು ರೋ ಚಿತ್ರ. ಅವರು ಅಲ್ಲಿಗೆ ನಿಲ್ಲದೆ ಅದನ್ನೇ ನಿಲುವಾಗಿ ಓದಿಸುತ್ತಾರೆ: (2, −1) ಎಂಬ ಕಾಲಮ್ ಎಷ್ಟು, (−1, 2) ಎಂಬ ಕಾಲಮ್ ಎಷ್ಟು ಸೇರಿಸಿದರೆ (0, 3) ಸಿಗುತ್ತದೆ? ಮೊದಲನೆಯದು ಒಂದು, ಎರಡನೆಯದು ಎರಡು. ಉತ್ತರ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು.

ಇದರ ಲಾಭ ಏನೆಂದರೆ, ಎರಡು ಅಪರಿಚಿತಗಳ ಗೆರೆಯ ಚಿತ್ರ ಮೂರಕ್ಕೆ ಬಂದಾಗ ಸಮತಲವಾಗುತ್ತದೆ, ನಾಲ್ಕಕ್ಕೆ ಬಂದಾಗ ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಲಮ್ ಚಿತ್ರ ಹಾಗಲ್ಲ. ಒಂಬತ್ತು ಅಪರಿಚಿತಗಳಿದ್ದರೂ ‘ಈ ಒಂಬತ್ತು ಕಾಲಮ್‌ಗಳನ್ನು ಬೆರೆಸಿ ಬಲಗಡೆಯ ವೆಕ್ಟರ್ ಮಾಡಲು ಆಗುತ್ತದೆಯೇ’ ಎಂಬುದೇ ಪ್ರಶ್ನೆ. ಕಾಲಮ್ ಸ್ಪೇಸ್ (ಕಾಲಮ್‌ಗಳನ್ನು ಬೆರೆಸಿ ಸಿಗುವ ಎಲ್ಲ ವೆಕ್ಟರ್‌ಗಳು), ಬೇಸಿಸ್ (ಅವನ್ನೆಲ್ಲ ಕೊಡುವ ಸ್ವತಂತ್ರ ವೆಕ್ಟರ್‌ಗಳ ಗುಂಪು), ರ‍್ಯಾಂಕ್ (ಸ್ವತಂತ್ರ ಕಾಲಮ್‌ಗಳ ಸಂಖ್ಯೆ), ಲೀಸ್ಟ್ ಸ್ಕ್ವೇರ್ಸ್ (ಸರಿಯಾದ ಉತ್ತರ ಇಲ್ಲದಾಗ ಹತ್ತಿರದ್ದನ್ನು ಹುಡುಕುವುದು) ಎಲ್ಲವೂ ಈ ಒಂದೇ ಪ್ರಶ್ನೆಯ ಮಕ್ಕಳು. ಮೂರನೇ ಪಾಠದಲ್ಲಿ ಮ್ಯಾಟ್ರಿಕ್ಸ್ ಗುಣಾಕಾರವನ್ನು ನಾಲ್ಕು ರೀತಿಯಲ್ಲಿ, ಜೊತೆಗೆ ಬ್ಲಾಕ್ ಮಾಡಿ ತೋರಿಸುವುದೂ ಇದಕ್ಕೇ. ಆ ಪಾಠ ಎಳೆದಂತೆ ಅನ್ನಿಸಿ 1.5 ವೇಗದಲ್ಲಿ ಓಡಿಸುವವರು ಹತ್ತನೇ ಪಾಠದಲ್ಲಿ ಕಕ್ಕಾಬಿಕ್ಕಿಯಾಗಿ ಮತ್ತೆ ಮೂರಕ್ಕೆ ಮರಳುತ್ತಾರೆ.

ವಿಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಲೆಕ್ಕಕ್ಕೆ ಕೂತರೆ ಕೈ ಓಡುವುದಿಲ್ಲ. ತಪ್ಪು ಎಲ್ಲಿ?

ಈ ಕೋರ್ಸಿನ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ಇದೇ. ದೋಷ ಪಾಠದ ಸೊಗಸಿನಲ್ಲೇ ಇದೆ. ಸ್ಟ್ರಾಂಗ್ ಉದಾಹರಣೆಗಳನ್ನು ಬಹಳ ಜಾಣತನದಿಂದ ಆರಿಸುತ್ತಾರೆ. ಸಂಖ್ಯೆ ಚಿಕ್ಕದು, ಭಿನ್ನರಾಶಿ ಅಪರೂಪ, ಪಿವಟ್ (ತನ್ನ ಕೆಳಗಿನ ಸಂಖ್ಯೆಗಳನ್ನು ಸೊನ್ನೆ ಮಾಡಲು ಬಳಸುವ, ರೋನ ಮೊದಲ ಸಂಖ್ಯೆ) ಸುಲಭ. ಪ್ರಶ್ನೆ ಹಾಕಿ, ತಡೆದು, ತಾವೇ ಆಗತಾನೆ ಕಂಡುಹಿಡಿದಂತೆ ಉತ್ತರ ಹೇಳುತ್ತಾರೆ. ಆ ತಡೆಯುವ ಮೂರು ಸೆಕೆಂಡಿನಲ್ಲಿ ನಮಗೂ ಉತ್ತರ ಹೊಳೆದಂತೆ ಭಾಸವಾಗುತ್ತದೆ. ಹೊಳೆದಿರುವುದಿಲ್ಲ. ದಡದಲ್ಲಿ ಕೂತು ಈಜು ನೋಡಿದ ಹಾಗೆ ಅದು.

ಕೆಲಸಕ್ಕೆ ಬರುವ ಕ್ರಮ ಹೀಗಿದೆ. ಅವರು ಪ್ರಶ್ನೆ ಹಾಕಿದ ತಕ್ಷಣ ವಿಡಿಯೋ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಿರಿ, ತಪ್ಪಾದರೂ ಸರಿ. ಒಂದು ಪಾಠದಲ್ಲಿ ಇಂಥ ಐದಾರು ಕಡೆ ಸಿಗುತ್ತವೆ. ಪಾಠ ಮುಗಿದ ಮೇಲೆ ಬೋರ್ಡಿನ ಮ್ಯಾಟ್ರಿಕ್ಸನ್ನಷ್ಟೇ ಹಾಳೆಗೆ ಇಳಿಸಿಕೊಂಡು, ಉಳಿದದ್ದನ್ನು ನೋಡದೆ ಪೂರ್ತಿ ಬಿಡಿಸಿ. ಎರಡನೇ ಪಾಠದ್ದನ್ನು ತೆಗೆದುಕೊಳ್ಳಿ: ರೋಗಳು (1, 2, 1), (3, 8, 1), (0, 4, 1), ಬಲಗಡೆ (2, 12, 2). ಪಿವಟ್‌ಗಳು 1, 2, 5 ಬರಬೇಕು, ಬಲಗಡೆ (2, 6, −10) ಆಗಬೇಕು, ಹಿಂದಿನಿಂದ ಬಿಡಿಸಿದರೆ ಉತ್ತರ (2, 1, −2). ಇದು ಐದು ನಿಮಿಷದಲ್ಲಿ ತಪ್ಪಿಲ್ಲದೆ ಬರುವ ತನಕ ನಾಲ್ಕನೇ ಪಾಠ ತೆರೆಯಬೇಡಿ.

ಮುಕ್ಕಾಲು ಗಂಟೆಯ ಪಾಠಕ್ಕೆ ಕನಿಷ್ಠ ಒಂದೂವರೆ ಗಂಟೆ ಲೆಕ್ಕ. ಎಂಐಟಿಯಲ್ಲಿ ಇದು 12 ಯೂನಿಟ್‌ನ ಕೋರ್ಸ್, ಅಂದರೆ ತರಗತಿ, ಹೋಮ್‌ವರ್ಕ್ ಎಲ್ಲ ಸೇರಿ ವಾರಕ್ಕೆ 12 ಗಂಟೆ ಎಂಬ ಅಂದಾಜು. ಅದರಲ್ಲಿ ಪಾಠ ಕೇಳುವುದು ಮೂರೇ ಗಂಟೆ. ಇಲ್ಲಿ ನಾವು ಆ ಮೂರು ಗಂಟೆಯನ್ನೇ ಕೋರ್ಸ್ ಅಂದುಕೊಳ್ಳುತ್ತೇವೆ.

ಅವರು ಬೋರ್ಡಿನ ಮೇಲೇ ತಪ್ಪು ಮಾಡುತ್ತಾರಂತೆ?

ಹೌದು, ಅದು ಈ ಪಾಠಗಳ ಒಳ್ಳೆಯ ಭಾಗಗಳಲ್ಲೊಂದು. ಒಂಬತ್ತನೇ ಪಾಠದಲ್ಲಿ ಮೂರು ಆಯಾಮದ ಬೇಸಿಸ್‌ಗೆ ಉದಾಹರಣೆ ಎಂದು (1, 1, 2), (2, 2, 5), (3, 3, 8) ಬರೆದರು. ಮೂರನೆಯದು ಮೊದಲೆರಡರ ಮೊತ್ತ ಅಲ್ಲ, ಹಾಗಾಗಿ ಸ್ವತಂತ್ರ ಎಂಬ ಎಣಿಕೆ. ಆದರೆ ಈ ಮೂರನ್ನು ಕಾಲಮ್‌ಗಳಾಗಿ ನಿಲ್ಲಿಸಿದರೆ ಮೊದಲ ಎರಡು ರೋ ಒಂದೇ. ಹಾಗಿದ್ದ ಮೇಲೆ ಮೂರು ಪಿವಟ್ ಎಲ್ಲಿಂದ ಬರಬೇಕು? ಲೆಕ್ಕ ಹಾಕಿದರೆ ಎರಡನೆಯದರ ಎರಡರಷ್ಟರಲ್ಲಿ ಮೊದಲನೆಯದನ್ನು ಕಳೆದರೆ ಮೂರನೆಯದೇ ಸಿಗುತ್ತದೆ. ಹತ್ತನೇ ಪಾಠ ಶುರುವಾಗುವುದೇ ಈ ತಪ್ಪನ್ನು ಒಪ್ಪಿಕೊಂಡು. ತಪ್ಪನ್ನು ಒರೆಸಿ ಮುಂದೆ ಹೋಗದೆ, ಅದನ್ನೇ ‘ರೋ ರ‍್ಯಾಂಕ್ ಮತ್ತು ಕಾಲಮ್ ರ‍್ಯಾಂಕ್ ಒಂದೇ’ ಎಂಬ ಮಾತಿಗೆ ಏಣಿ ಮಾಡಿಕೊಳ್ಳುತ್ತಾರೆ.

29ನೇ ಪಾಠದ ಸಿಂಗ್ಯುಲರ್ ವ್ಯಾಲ್ಯೂ ಡಿಕಂಪೋಸಿಷನ್, ಅಂದರೆ ಎಸ್‌ವಿಡಿಯಲ್ಲೂ (ಮ್ಯಾಟ್ರಿಕ್ಸನ್ನು ಮೂರು ಸರಳ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವುದು) ಚಿಹ್ನೆ ಹೊಂದದೆ ತಡಕಾಡುತ್ತಾರೆ. ಆ ತಪ್ಪು ಎಲ್ಲರಿಗೂ ಆಗುವಂಥದ್ದು, ಅದಕ್ಕೇ ಬಿಡಿಸಿ ಹೇಳಬೇಕು. ಮ್ಯಾಟ್ರಿಕ್ಸ್‌ನ ರೋಗಳು (4, 4), (−3, 3). ಟ್ರಾನ್ಸ್‌ಪೋಸ್‌ನಿಂದ ಎಡಗಡೆ ಗುಣಿಸಿದರೆ (25, 7), (7, 25). ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೂ ತನ್ನ ಗೆರೆ ಬಿಡದ ವೆಕ್ಟರೇ ಐಗನ್‌ವೆಕ್ಟರ್, ಅದು ಎಷ್ಟು ಪಟ್ಟಾಗುತ್ತದೆಯೋ ಅದು ಐಗನ್‌ವ್ಯಾಲ್ಯೂ. ಇಲ್ಲಿ ಐಗನ್‌ವ್ಯಾಲ್ಯೂ 32 ಮತ್ತು 18, ವೆಕ್ಟರ್‌ಗಳು (1, 1), (1, −1), ಎರಡನ್ನೂ √2ರಿಂದ ಭಾಗಿಸಬೇಕು. ಇಲ್ಲಿಯವರೆಗೆ ಸರಿ. ಈಗ ಎಡಬದಿಯ ವೆಕ್ಟರ್‌ಗಳಿಗಾಗಿ ಇನ್ನೊಂದು ಗುಣಲಬ್ಧದ (ಟ್ರಾನ್ಸ್‌ಪೋಸ್ ಬಲಗಡೆ ಬರುವಂಥದ್ದು) ಐಗನ್‌ವೆಕ್ಟರ್ ಬೇರೆಯಾಗಿ ಹುಡುಕಿದರೆ (1, 0), (0, 1) ಎಂದು ಬರೆದುಬಿಡುತ್ತೀರಿ, ಮೂರನ್ನೂ ಗುಣಿಸಿ ನೋಡಿದರೆ ಎರಡನೇ ರೋ ಚಿಹ್ನೆ ಉಲ್ಟಾ. ಐಗನ್‌ವೆಕ್ಟರ್‌ಗೆ ಪ್ಲಸ್ ಆದರೂ ಆಯಿತು, ಮೈನಸ್ ಆದರೂ ಆಯಿತು. ಎರಡು ಕಡೆ ಬೇರೆ ಬೇರೆಯಾಗಿ ಆರಿಸಿದರೆ ತಾಳ ತಪ್ಪುತ್ತದೆ. ಬಲಬದಿಯ ವೆಕ್ಟರನ್ನು ಮ್ಯಾಟ್ರಿಕ್ಸ್‌ನಿಂದ ಗುಣಿಸಿ, ಸಿಂಗ್ಯುಲರ್ ವ್ಯಾಲ್ಯೂನಿಂದ (ಆ ಐಗನ್‌ವ್ಯಾಲ್ಯೂನ ವರ್ಗಮೂಲ) ಭಾಗಿಸಿ ಎಡಬದಿಯದನ್ನು ಪಡೆಯಿರಿ. ಆಗ ಎರಡನೆಯದು ತಾನಾಗಿಯೇ (0, −1) ಎಂದು ಬರುತ್ತದೆ.

ಹೆಚ್ಚಿನವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ?

ಮೊದಲನೆಯದು ನಾಲ್ಕನೇ ಪಾಠದ ಎಲ್‌ಯು, ಅಂದರೆ ಮ್ಯಾಟ್ರಿಕ್ಸನ್ನು ಕೆಳತ್ರಿಕೋನದ ಎಲ್ ಮತ್ತು ಮೇಲ್ತ್ರಿಕೋನದ ಯು ಎಂದು ಒಡೆಯುವುದು. ಮೇಲಿನ 3×3 ಉದಾಹರಣೆಯಲ್ಲಿ ಎರಡನೇ ರೋನಿಂದ ಮೊದಲ ರೋ ಮೂರರಷ್ಟು ಕಳೆಯುತ್ತೀರಿ. ಎಲಿಮಿನೇಷನ್ ಮ್ಯಾಟ್ರಿಕ್ಸ್‌ನಲ್ಲಿ ಅದು −3. ಆದರೆ ಎಲ್‌ನಲ್ಲಿ +3, ಯಾಕೆಂದರೆ ಕಳೆದದ್ದನ್ನು ವಾಪಸ್ ಕೂಡಿಸುವ ಕೆಲಸ ಅದರದ್ದು. ಎಲ್‌ನ ರೋಗಳು (1, 0, 0), (3, 1, 0), (0, 2, 1) ಆಗಬೇಕು. ನಿಮಗೆ −3 ಮತ್ತು −2 ಬಂದಿದ್ದರೆ ವಿಲೋಮದ ವಿಷಯ ಇನ್ನೂ ಕೂತಿಲ್ಲ.

ಎರಡನೆಯದು 6ರಿಂದ 10ರವರೆಗಿನ ಪಾಠಗಳು. ಇಡೀ ಕೋರ್ಸಿನ ಬೆನ್ನೆಲುಬು ಇದು, ಬಿಟ್ಟು ಹೋಗುವವರು ಬಿಟ್ಟು ಹೋಗುವುದೂ ಇಲ್ಲೇ. ಏಳನೇ ಪಾಠದ ಮ್ಯಾಟ್ರಿಕ್ಸ್: (1, 2, 2, 2), (2, 4, 6, 8), (3, 6, 8, 10). ಪೂರ್ತಿ ಇಳಿಸಿದರೆ (1, 2, 0, −2), (0, 0, 1, 2) ಮತ್ತು ಒಂದು ಸೊನ್ನೆಯ ರೋ. ಪಿವಟ್ ಕಾಲಮ್ ಒಂದು ಮತ್ತು ಮೂರು. ನಲ್‌ಸ್ಪೇಸ್‌ನ (ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೆ ಸೊನ್ನೆಯಾಗುವ ವೆಕ್ಟರ್‌ಗಳು) ವಿಶೇಷ ಉತ್ತರಗಳು (−2, 1, 0, 0) ಮತ್ತು (2, 0, −2, 1). ಇಲ್ಲಿ ಆಗುವ ತಪ್ಪು ಎರಡು ಬಗೆ. ಫ್ರೀ (ಪಿವಟ್ ಇಲ್ಲದ) ಕಾಲಮ್‌ನ ಸಂಖ್ಯೆಗಳ ಚಿಹ್ನೆ ತಿರುಗಿಸುವುದನ್ನು ಮರೆಯುವುದು ಒಂದು. ಮ್ಯಾಟ್ರಿಕ್ಸ್‌ಗೆ ಹಾಕಿ ಸೊನ್ನೆ ಬರುತ್ತದೆಯೇ ಎಂದು ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ. ಇನ್ನೊಂದು ಅಷ್ಟು ಸುಲಭವಾಗಿ ಸಿಗುವುದಿಲ್ಲ: ಕಾಲಮ್ ಸ್ಪೇಸ್‌ನ ಬೇಸಿಸನ್ನು ಇಳಿಸಿದ ಮ್ಯಾಟ್ರಿಕ್ಸ್‌ನಿಂದ ಎತ್ತಿಕೊಳ್ಳುವುದು. ಇಳಿಸಿದ ಮ್ಯಾಟ್ರಿಕ್ಸ್‌ನ ಕಾಲಮ್‌ಗಳಲ್ಲಿ ಮೂರನೇ ಸ್ಥಾನ ಯಾವಾಗಲೂ ಸೊನ್ನೆ, ಮೂಲದ ಮೊದಲ ಕಾಲಮ್ ಮಾತ್ರ (1, 2, 3). ಅದು ಅಲ್ಲಿ ಹೇಗೆ ಹಿಡಿಸಬೇಕು? ರೋ ಆಪರೇಷನ್ ಮಾಡಿದಾಗ ರೋ ಸ್ಪೇಸ್ ಉಳಿಯುತ್ತದೆ, ಕಾಲಮ್ ಸ್ಪೇಸ್ ಉಳಿಯುವುದಿಲ್ಲ. ಪಿವಟ್ ಎಲ್ಲಿದೆ ಎಂಬುದನ್ನು ಇಳಿಸಿದ್ದರಲ್ಲಿ ನೋಡಿ, ಕಾಲಮ್‌ಗಳನ್ನು ಮೂಲದಿಂದ ತೆಗೆಯಿರಿ: (1, 2, 3), (2, 6, 8).

ಮೂರನೆಯದು ಪ್ರೊಜೆಕ್ಷನ್, 15 ಮತ್ತು 16ನೇ ಪಾಠ. (1, 1), (2, 2), (3, 2) ಎಂಬ ಮೂರು ಬಿಂದುಗಳಿಗೆ ಹತ್ತಿರದ ಗೆರೆ, ವೈ = ಸಿ + ಡಿ × ಎಕ್ಸ್. ನಾರ್ಮಲ್ ಸಮೀಕರಣಗಳು 3ಸಿ + 6ಡಿ = 5, 6ಸಿ + 14ಡಿ = 11. ಉತ್ತರ ಸಿ = 2/3, ಡಿ = 1/2. ಲೆಕ್ಕ ಎಲ್ಲರಿಗೂ ಬರುತ್ತದೆ, ಗೊಂದಲ ಚಿತ್ರದಲ್ಲಿ. ಗೆರೆಯ ಚಿತ್ರ ಎರಡು ಆಯಾಮದ್ದು, ಪ್ರೊಜೆಕ್ಷನ್ ನಡೆಯುವುದು ಮೂರು ಆಯಾಮದಲ್ಲಿ. (1, 2, 2) ಎಂಬ ಒಂದೇ ವೆಕ್ಟರನ್ನು (1, 1, 1), (1, 2, 3) ಹಾಸಿದ ಸಮತಲದ ಮೇಲೆ ಇಳಿಸುತ್ತಿದ್ದೀರಿ. ಉಳಿಕೆ (−1/6, 1/3, −1/6). ಇದು ಆ ಎರಡೂ ಕಾಲಮ್‌ಗೆ ಲಂಬವಾಗಿದೆಯೇ ಎಂದು ಡಾಟ್ ಮಾಡಿ ನೋಡಿದರೆ ಎರಡು ಚಿತ್ರಗಳೂ ಒಂದಕ್ಕೊಂದು ಕೂಡುತ್ತವೆ.

28ನೇ ಪಾಠದ ಜೋರ್ಡನ್ ಫಾರ್ಮ್ ತಲೆಗೆ ಹೋಗಲಿಲ್ಲವೆಂದು ಚಿಂತೆ ಬೇಡ. ಅವರೂ ಅದನ್ನು ಮುಟ್ಟಿ ಬಿಡುತ್ತಾರೆ ಅಷ್ಟೆ.

ಡಿಟರ್ಮಿನೆಂಟ್ 18ನೇ ಪಾಠಕ್ಕೆ ಬರುತ್ತದಲ್ಲ, ಅಷ್ಟು ತಡ ಯಾಕೆ?

ಸಮೀಕರಣ ಬಿಡಿಸಲು ಅದು ಬೇಡವಾದ್ದರಿಂದ. ನಮ್ಮಲ್ಲಿ ಡಿಟರ್ಮಿನೆಂಟ್‌ನಿಂದ ಶುರುಮಾಡಿ ಕ್ರೇಮರ್ ನಿಯಮಕ್ಕೆ ಹೋಗುತ್ತೇವೆ. 3×3ಕ್ಕೆ ಅದು ನಡೆಯುತ್ತದೆ. ಪೂರ್ತಿ ಸೂತ್ರ ಬಿಚ್ಚಿದರೆ 10×10ಕ್ಕೆ 36,28,800 ಪದಗಳು. ಎಲಿಮಿನೇಷನ್‌ನಲ್ಲಿ ಅದೇ ಕೆಲಸ ಕೆಲವೇ ನೂರು ಗುಣಾಕಾರಗಳಲ್ಲಿ ಮುಗಿಯುತ್ತದೆ. ಐಗನ್‌ವ್ಯಾಲ್ಯೂಗೆ ಡಿಟರ್ಮಿನೆಂಟ್ ಬೇಕು, ಅದಕ್ಕೆ ಅದರ ಬೆನ್ನಿಗೇ, 21ನೇ ಪಾಠದಲ್ಲಿ, ಐಗನ್‌ವ್ಯಾಲ್ಯೂ ಬರುತ್ತದೆ.

ವಿಟಿಯು ಪರೀಕ್ಷೆಗೆ ಇದನ್ನು ನೋಡಿದರೆ ಸಾಕೇ? ಗೇಟ್‌ಗೆ?

ವಿಟಿಯುಗೆ ಸಾಲದು. ಮೊದಲ ಸೆಮಿಸ್ಟರ್‌ನಲ್ಲಿ ಕೇಳುವ ಗೌಸ್-ಸೈಡಲ್ ಪುನರಾವರ್ತನೆ, ರೇಲಿ ಪವರ್ ವಿಧಾನ ಈ ವಿಡಿಯೋಗಳಲ್ಲಿ ಇಲ್ಲ. ರ‍್ಯಾಂಕ್, ಗೌಸ್ ಎಲಿಮಿನೇಷನ್, ಗೌಸ್-ಜೋರ್ಡನ್ ಇವೆ, ಆದರೆ ಸ್ಟ್ರಾಂಗ್ ಹಂತಗಳನ್ನು ಬಾಯಲ್ಲಿ ಹೇಳಿ ಬೋರ್ಡಿನಲ್ಲಿ ಜಿಗಿಯುತ್ತಾರೆ. ಉತ್ತರಪತ್ರಿಕೆಯಲ್ಲಿ ಹಾಗೆ ಜಿಗಿದರೆ ಮಾರ್ಕ್ಸ್ ಹೋಗುತ್ತದೆ. ಪ್ರತಿ ಹಂತದ ಪಕ್ಕದಲ್ಲಿ ‘ಆರ್2 → ಆರ್2 − 3ಆರ್1’ ಎಂದು ಬರೆಯುವ ನಮ್ಮ ಪದ್ಧತಿಯನ್ನು ಬಿಡಬೇಡಿ.

ಗೇಟ್‌ಗೆ ಚೆನ್ನಾಗಿ ಹೊಂದುತ್ತದೆ, ಅದರಲ್ಲೂ 2024ರಲ್ಲಿ ಶುರುವಾದ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಗೆ. ಅಲ್ಲಿ ಲೆಕ್ಕದ ಉದ್ದಕ್ಕಿಂತ ‘ರ‍್ಯಾಂಕ್ 2 ಆದರೆ ನಲ್‌ಸ್ಪೇಸ್‌ನ ಆಯಾಮ ಎಷ್ಟು’ ಎಂಬಂಥ ತಿಳಿವಳಿಕೆ ಬೇಕು. ಮೇಲಿನ 3×4 ಮ್ಯಾಟ್ರಿಕ್ಸ್‌ಗೆ ರೋ ಸ್ಪೇಸ್ 2, ನಲ್‌ಸ್ಪೇಸ್ 2, ಕಾಲಮ್ ಸ್ಪೇಸ್ 2, ಲೆಫ್ಟ್ ನಲ್‌ಸ್ಪೇಸ್ (ಟ್ರಾನ್ಸ್‌ಪೋಸ್‌ನ ನಲ್‌ಸ್ಪೇಸ್) 1 ಎಂದು ಕಣ್ಣಲ್ಲೇ ಹೇಳಲು ಬಂದರೆ ಸಮಯ ಬಹಳ ಉಳಿಯುತ್ತದೆ.

ಪ್ರೂಫ್ ಇಲ್ಲ, ಕಟ್ಟುನಿಟ್ಟಿಲ್ಲ ಎನ್ನುವ ಟೀಕೆ?

ಅರ್ಧ ನಿಜ. ವ್ಯಾಖ್ಯೆ, ಪ್ರಮೇಯ, ಸಾಧನೆ ಎಂಬ ಸಾಲು ಇಲ್ಲಿಲ್ಲ. ಲೀನಿಯರ್ ಟ್ರಾನ್ಸ್‌ಫರ್ಮೇಷನ್ 30ನೇ ಪಾಠದವರೆಗೆ ಬರುವುದೇ ಇಲ್ಲ. ಗಣಿತದಲ್ಲಿ ಎಂಎಸ್ಸಿ ಮಾಡುವವರು ಅದರಿಂದಲೇ ಶುರುಮಾಡಬೇಕಾದೀತು. ಆದರೆ ಕಾರಣ ಕೊಡದೆ ಅವರು ಮುಂದೆ ಹೋಗುವುದು ಕಡಿಮೆ, ಕಾರಣ ಒಂದು ಉದಾಹರಣೆಯ ಒಳಗೆ ಅಡಗಿರುತ್ತದೆ. ಅದನ್ನು ಸಾಮಾನ್ಯ ಮ್ಯಾಟ್ರಿಕ್ಸ್‌ಗೆ ಬರೆದು ನೋಡುವುದು ಓದುಗನ ಪಾಲಿನ ಕೆಲಸ. ಅದನ್ನು ಮಾಡಿದವರಿಗೆ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಪುಸ್ತಕ ಕೊಳ್ಳಬೇಕೇ?

ಸ್ಕಾಲರ್ ಆವೃತ್ತಿಯ ಸಾರಾಂಶಗಳಿದ್ದರೆ ಅನಿವಾರ್ಯವಲ್ಲ. ಕೊಳ್ಳುವುದಾದರೆ ಒಂದು ಎಚ್ಚರ: 2010ರ ಪುಟದ ಹೋಮ್‌ವರ್ಕ್ ಅವರ ಪಠ್ಯಪುಸ್ತಕದ ನಾಲ್ಕನೇ ಆವೃತ್ತಿಯ ಲೆಕ್ಕಗಳ ನಂಬರ್ ಹೇಳುತ್ತದೆ. ಬೇರೆ ಆವೃತ್ತಿ ಕೈಲಿದ್ದರೆ ನಂಬರ್ ತಾಳೆಯಾಗದೆ ಬೇರೆಯದೇ ಲೆಕ್ಕ ಬಿಡಿಸುತ್ತ ಕೂರುತ್ತೀರಿ. ಅವರು ಪುಸ್ತಕವನ್ನೂ ಮಾತಾಡಿದಂತೆಯೇ ಬರೆಯುತ್ತಾರೆ. ಓದಲು ಹಿತ, ಒಂದು ವ್ಯಾಖ್ಯೆ ಎಲ್ಲಿದೆ ಎಂದು ಹುಡುಕಲು ಹೈರಾಣು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಅವರ ಇಂಗ್ಲಿಷ್ ಅರ್ಥವಾಗುತ್ತದೆಯೇ?

ನಿಧಾನ ಮಾತು, ಚಿಕ್ಕ ವಾಕ್ಯ. ಸಬ್‌ಟೈಟಲ್, ಪೂರ್ತಿ ಪಾಠದ ಬರಹರೂಪ ಎರಡೂ ಇವೆ. ತೊಡಕು ಇಂಗ್ಲಿಷಿನದ್ದಲ್ಲ, ಅವರ ಅರ್ಧಕ್ಕೆ ನಿಲ್ಲಿಸುವ ವಾಕ್ಯಗಳದ್ದು, ಉಳಿದರ್ಧ ಬೋರ್ಡಿನಲ್ಲಿರುತ್ತದೆ. ಹಾಗಾಗಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಬರೀ ಕೇಳುವ ಪಾಠ ಇದಲ್ಲ.

ಕಂಪ್ಯೂಟರ್‌ನಲ್ಲಿ ಉತ್ತರ ತಾಳೆ ನೋಡಬಹುದೇ?

ನೋಡಿ, ಆದರೆ ಕೈಲಿ ಬಿಡಿಸಿದ ಮೇಲೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನಲ್ಲಿ (3, 1), (1, 3) ಹಾಕಿದರೆ ಐಗನ್‌ವ್ಯಾಲ್ಯೂ 4, 2 ಸರಿಯಾಗಿಯೇ ಬರುತ್ತದೆ, ವೆಕ್ಟರ್ ಮಾತ್ರ 0.7071 ಎಂದು ಕಾಣಿಸಿ ‘ನನ್ನ (1, 1) ತಪ್ಪಾಯಿತೇ’ ಎಂಬ ಗಾಬರಿ. ಅದು ಉದ್ದವನ್ನು 1ಕ್ಕೆ ಇಳಿಸಿ ಕೊಡುತ್ತದೆ, ಚಿಹ್ನೆಯೂ ಅದರ ಇಷ್ಟ. ಇನ್ನೊಂದು: ಐಗನ್‌ವೆಕ್ಟರ್‌ಗಳು ಕಾಲಮ್‌ಗಳಲ್ಲಿರುತ್ತವೆ. ಪರದೆಯ ಮೇಲೆ ಅಡ್ಡಡ್ಡ ಓದಿದರೆ ಉತ್ತರ ಸಾಮಾನ್ಯವಾಗಿ ಕೆಡುತ್ತದೆ.

ಮನೆಯಲ್ಲೇ ಪರೀಕ್ಷೆ ಬರೆದುಕೊಳ್ಳುವುದು ಹೇಗೆ? ಎಷ್ಟು ವಾರ ಹಿಡಿಯುತ್ತದೆ?

ಅಲ್ಲಿನ 2010ರ ಲೆಕ್ಕಾಚಾರದಲ್ಲಿ ಹೋಮ್‌ವರ್ಕ್‌ಗೆ 15%, ಒಂದೊಂದು ಗಂಟೆಯ ಮೂರು ಪರೀಕ್ಷೆಗೆ 45%, ಫೈನಲ್‌ಗೆ 40%. ಕ್ಯಾಲ್ಕುಲೇಟರ್ ಇಲ್ಲ. 13ನೇ ವಿಡಿಯೋ ಮೊದಲ ಪರೀಕ್ಷೆಯ ರಿವಿಜನ್, 24ಬಿ ಎರಡನೆಯದರದು, 32 ಮೂರನೆಯದರದು, 34 ಫೈನಲ್‌ಗೆ. ರಿವಿಜನ್ ವಿಡಿಯೋ ನೋಡಿದ ಮಾರನೇ ದಿನ ಪ್ರಶ್ನೆಪತ್ರಿಕೆ ಮುದ್ರಿಸಿಕೊಂಡು, ಗಡಿಯಾರ ಇಟ್ಟು, ಫೋನ್ ಬೇರೆ ಕೋಣೆಯಲ್ಲಿಟ್ಟು ಬರೆಯಿರಿ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಬರದಿದ್ದರೆ 14ಕ್ಕೆ ಹೋಗದೆ 6ರಿಂದ ಮತ್ತೆ ಶುರುಮಾಡುವುದು ಲೇಸು, ಮುಂದಿನ ಪ್ರೊಜೆಕ್ಷನ್ ಪೂರ್ತಿ ಅದರ ಮೇಲೇ ನಿಂತಿದೆ.

ವಾರಕ್ಕೆ ಮೂರು ಪಾಠವಾದರೆ 12 ವಾರ. ಕಾಲೇಜಿನ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್ ನಡುವೆ ವಾರಕ್ಕೆ ಎರಡೇ ಆಗುವುದು, ಆಗ 18 ವಾರ ಹಿಡಿಯಿರಿ. ದಸರಾ ರಜೆಯಲ್ಲಿ ಹತ್ತು ದಿನಕ್ಕೆ ಮುಗಿಸುತ್ತೇನೆಂದು ಹೊರಟವರು ಹತ್ತನೇ ಪಾಠ ದಾಟುವುದು ಅಪರೂಪ.

ಮುಗಿದ ಮೇಲೆ ಏನು ನೋಡಬಹುದು?

ಮಷಿನ್ ಲರ್ನಿಂಗ್ ಕಡೆ ಹೋಗುವವರಿಗೆ ಅವರದೇ 18.065 ಇದೆ, ಲೀನಿಯರ್ ಆಲ್ಜೀಬ್ರಾ ಗೊತ್ತಿದೆ ಎಂದುಕೊಂಡೇ ಅದು ಶುರುವಾಗುತ್ತದೆ. ಅದಕ್ಕೆ ಮುಂಚೆ 2020ರಲ್ಲಿ ಅವರು ಮಾಡಿದ ಚಿಕ್ಕ ಸರಣಿಯನ್ನೂ ನೋಡಿ. ಹಳೆಯ ಪಾಠಗಳ ಎಲಿಮಿನೇಷನ್‌ಗೆ ಬದಲು, ಮ್ಯಾಟ್ರಿಕ್ಸ್‌ನಿಂದ ಸ್ವತಂತ್ರ ಕಾಲಮ್‌ಗಳನ್ನು ಎಡದಿಂದ ಒಂದೊಂದಾಗಿ ಆರಿಸಿ ಇಡುವ ‘ಸಿ ಇಂಟು ಆರ್’ ವಿಭಜನೆಯಿಂದ ಅಲ್ಲಿ ಶುರುಮಾಡುತ್ತಾರೆ. ಏಳನೇ ಪಾಠದ ಮ್ಯಾಟ್ರಿಕ್ಸನ್ನೇ ಹಾಗೆ ಬರೆದು ನೋಡಿ: ಸಿ ಎಂದರೆ (1, 2, 3), (2, 6, 8) ಎಂಬ ಎರಡು ಕಾಲಮ್‌ಗಳು, ಆರ್ ಎಂದರೆ (1, 2, 0, −2), (0, 0, 1, 2) ಎಂಬ ಎರಡು ರೋಗಳು.